ಮಾಡೆಲ್ ನಂಬರ್ ಇಲ್ಲದ ಚೀಟಿ: ಕಡಿಮೆ ದುಡ್ಡಿನಲ್ಲಿ ಮೊದಲ ಕಂಪ್ಯೂಟರ್‌ನ ಬಿಡಿಭಾಗ ಆರಿಸುವುದು ಹೇಗೆ

ಜೂನ್ ತಿಂಗಳ ಒಂದು ಸಂಜೆ ನನ್ನ ಸೋದರಳಿಯ ಕೈಯಲ್ಲೊಂದು ಚೀಟಿ ಹಿಡಿದುಕೊಂಡು ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬಂದ. ಬಿ.ಎಸ್‌ಸಿ. ಐಟಿಗೆ ಸೇರಿದ್ದಾನೆ, ಮನೆಯಲ್ಲೊಂದು ಕಂಪ್ಯೂಟರ್ ಬೇಕು. ಅಕ್ಕ, ಭಾವ ಸೇರಿ ಐವತ್ತು ಸಾವಿರ ರೂಪಾಯಿ ಎತ್ತಿಟ್ಟಿದ್ದರು. ಚೀಟಿ ಒಂದು ಅಂಗಡಿಯವರು ಬರೆದುಕೊಟ್ಟ ಕೊಟೇಶನ್. ಅದರಲ್ಲಿ ಇದ್ದದ್ದು ಇಷ್ಟು: ಐ5 ಪ್ರೊಸೆಸರ್, ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 512 ಜಿಬಿ ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಸಮೇತ ಗೇಮಿಂಗ್ ಕ್ಯಾಬಿನೆಟ್. (ಪ್ರೊಸೆಸರ್ ಅಂದರೆ ಲೆಕ್ಕ ಮಾಡುವ ಚಿಪ್, ಮದರ್‌ಬೋರ್ಡ್ ಎಲ್ಲ ಭಾಗಗಳೂ ಕೂರುವ ಫಲಕ, ರ‍್ಯಾಮ್ ಕೆಲಸ ನಡೆಯುವಾಗಿನ ಮೆಮೊರಿ, ಗ್ರಾಫಿಕ್ಸ್ ಕಾರ್ಡ್ ಪರದೆಗೆ ಚಿತ್ರ ಮೂಡಿಸುವುದು, ಎಸ್‌ಎಸ್‌ಡಿ ಫೈಲು ಉಳಿಸಿಡುವ ಡಿಸ್ಕ್, ಎಸ್‌ಎಂಪಿಎಸ್ ಎಲ್ಲಕ್ಕೂ ವಿದ್ಯುತ್ ಹಂಚುವ ಡಬ್ಬಿ.)

"ಮಾವ, ಇಷ್ಟೂ ಇಪ್ಪತ್ತೆಂಟು ಸಾವಿರಕ್ಕೆ ಕೊಡ್ತಾರಂತೆ. ಉಳಿದ ದುಡ್ಡಲ್ಲಿ ದೊಡ್ಡ ಮಾನಿಟರ್ ತಗೊಳ್ಳಬಹುದಲ್ಲ?" ಅಂದ.

ಚೀಟಿಯಲ್ಲಿ ಒಂದೇ ಒಂದು ಮಾಡೆಲ್ ನಂಬರ್ ಇರಲಿಲ್ಲ. ಬಾಡಿಗೆ ಮನೆಯ ಜಾಹೀರಾತಿನಲ್ಲಿ "ಎರಡು ರೂಮು" ಅಂತ ಬರೆದು, ಊರಿನ ಹೆಸರನ್ನೇ ಬಿಟ್ಟ ಹಾಗೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮುಂಬಯಿಯಲ್ಲೋ ಪುಣೆಯಲ್ಲೋ ಇದ್ದು, ಮೊದಲ ಸಲ ಬಿಡಿಭಾಗ ಕೊಂಡು ಕಂಪ್ಯೂಟರ್ ಕಟ್ಟಲು ಹೊರಟವರಿಗೆ ಇದು ಕೆಲಸಕ್ಕೆ ಬರಬೇಕು ಎಂಬುದು ನನ್ನ ಆಸೆ.

ಬೆಲೆಗಳ ಪಟ್ಟಿ ಕೊಡುವುದಿಲ್ಲ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿದ ರೀತಿ ನೋಡಿದರೆ, ಇವತ್ತು ಬರೆದ ಬೆಲೆ ನಾಳೆಗೆ ಹಳಸು. ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ತಡೆಹಿಡಿಯಬೇಕು ಎಂಬ ಲೆಕ್ಕ ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ.

ಮೊದಲು ಕೆಲಸ, ಆಮೇಲೆ ಸಾಮಾನು

ಒಂದು ಕಾಗದದಲ್ಲಿ ಈ ಕಂಪ್ಯೂಟರ್ ಏನೇನು ಮಾಡಬೇಕು ಅಂತ ಬರೆಯಿರಿ. ನನ್ನ ಅಳಿಯ ಬರೆದದ್ದು: ಜಾವಾ, ಪೈಥಾನ್, ಆಂಡ್ರಾಯ್ಡ್ ಸ್ಟುಡಿಯೋ, ಕಾಲೇಜಿನ ಪ್ರಾಜೆಕ್ಟ್, ಸಿನಿಮಾ, ರಾತ್ರಿ ಗೆಳೆಯರ ಜೊತೆ ಸ್ವಲ್ಪ ಆಟ. "ಸ್ವಲ್ಪ ಆಟ" ಅಂದರೆ ಯಾವ ಆಟ ಅಂತ ಕೇಳಿದೆ. ವ್ಯಾಲರಂಟ್ ಅಂದ. ಅದು ಹಗುರವಾದ ಆಟ, ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್‌ನಲ್ಲೂ ಓಡುತ್ತದೆ. ಅಲ್ಲಿಗೆ ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕೆ ಬೇಡ ಎಂದಾಯಿತು. ಚೀಟಿಯ ಒಂದು ಸಾಲು ಅಲ್ಲೇ ಹೊಡೆದುಹಾಕಿದೆವು.

ನಿಮ್ಮ ಪಟ್ಟಿಯಲ್ಲಿ ವಿಡಿಯೋ ಎಡಿಟಿಂಗೋ ದೊಡ್ಡ ಆಟಗಳೋ ಇದ್ದರೆ ಲೆಕ್ಕ ಬೇರೆ. ಆಗ ದುಡ್ಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗ್ರಾಫಿಕ್ಸ್ ಕಾರ್ಡ್‌ಗೇ ಹೋಗುತ್ತದೆ. ಮೊದಲ ಕಂಪ್ಯೂಟರ್ ಕಟ್ಟುವ ಹೆಚ್ಚಿನವರಿಗೆ ಅದು ಮೊದಲ ದಿನವೇ ಬೇಕಾಗಿರುವುದಿಲ್ಲ. ಮುಂದೆ ಸೇರಿಸಲು ಜಾಗ, ವಿದ್ಯುತ್ತು ಎರಡನ್ನೂ ಈಗಲೇ ಇಟ್ಟುಕೊಂಡರೆ ಸಾಕು. ನಾನು ಇಡೀ ಆಯ್ಕೆಯನ್ನು ಈ ಒಂದು ಮಾತಿನ ಮೇಲೆ ನಿಲ್ಲಿಸುತ್ತೇನೆ: ಆಮೇಲೆ ಸುಲಭವಾಗಿ ಬದಲಿಸಬಹುದಾದದ್ದರಲ್ಲಿ ಕೈ ಬಿಗಿ ಹಿಡಿಯಿರಿ, ಬದಲಿಸಲು ಕಷ್ಟವಾದದ್ದರಲ್ಲಿ ಕೈ ಬಿಚ್ಚಿ. ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಯಾವಾಗ ಬೇಕಾದರೂ ಸೇರಿಸಬಹುದು. ಮದರ್‌ಬೋರ್ಡ್ ಬದಲಿಸಬೇಕೆಂದರೆ ಎಲ್ಲವನ್ನೂ ಬಿಚ್ಚಬೇಕು. ಎಸ್‌ಎಂಪಿಎಸ್ ಕೆಟ್ಟರೆ ಉಳಿದದ್ದನ್ನೂ ಜೊತೆಗೆ ಕರೆದೊಯ್ಯಬಹುದು.

"ಐ5" ಎಂದರೆ ಯಾವ ಐ5?

ಚೀಟಿಯ ಮೊದಲ ಸಾಲಿಗೆ ಬನ್ನಿ. ಇಂಟೆಲ್ ಕಂಪನಿ ಐ5 ಹೆಸರಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೊಸೆಸರ್ ಮಾರಿದೆ. ಐ5-2400 ಬಂದದ್ದು 2011ರಲ್ಲಿ. ಐ5-3470 ಬಂದದ್ದು 2012ರಲ್ಲಿ. ಐ5-12400 ಬಂದದ್ದು 2022ರಲ್ಲಿ. ಮೂರೂ ಐ5ಗಳೇ. ಆದರೆ ಮೊದಲಿನವಕ್ಕೂ ಕೊನೆಯದಕ್ಕೂ ಹತ್ತು ವರ್ಷದ ಅಂತರ. ಅಡ್ಡಗೆರೆಯ ನಂತರದ ಅಂಕಿಯನ್ನು ನೋಡಿ. ನಾಲ್ಕಂಕಿಯಾದರೆ ಮೊದಲ ಅಂಕಿ ತಲೆಮಾರು, ಹತ್ತನೆಯ ತಲೆಮಾರಿನಿಂದ ಈಚೆಗೆ ಐದಂಕಿ ಇದ್ದರೆ ಮೊದಲ ಎರಡು ಅಂಕಿ. 2400 ಎರಡನೇ ತಲೆಮಾರು, 12400 ಹನ್ನೆರಡನೆಯದು.

ಹಳೆಯ ಆಫೀಸು ಯಂತ್ರಗಳಿಂದ ಬಿಚ್ಚಿದ ಎರಡನೇ, ಮೂರನೇ ತಲೆಮಾರಿನ ಪ್ರೊಸೆಸರ್‌ಗಳನ್ನು ಹೆಸರು ಕೇಳದ ಕಂಪನಿಯ ಹೊಸ ಬೋರ್ಡಿನ ಮೇಲೆ ಕೂರಿಸಿ "ಹೊಸ ಐ5 ಪಿಸಿ" ಎಂದು ಮಾರುವುದು ನಮ್ಮ ಮಾರುಕಟ್ಟೆಯಲ್ಲಿ ತುಂಬಾ ಹಳೆಯ ಪದ್ಧತಿ. ಇಪ್ಪತ್ತೆಂಟು ಸಾವಿರದ ರಹಸ್ಯ ಅಲ್ಲೇ ಇತ್ತು. ಅಳಿಯ ಫೋನ್ ಮಾಡಿ ಕೇಳಿದಾಗ ಮೂರನೇ ತಲೆಮಾರು ಅಂತ ಗೊತ್ತಾಯಿತು. ಅಂಥ ಯಂತ್ರದಲ್ಲಿ ವಿಂಡೋಸ್ 11 ಅಧಿಕೃತವಾಗಿ ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಅದಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚಿನದನ್ನು, ಅದರ ಎದುರಾಳಿ ಕಂಪನಿ ಎಎಂಡಿಯಲ್ಲಿ ರೈಜೆನ್ 2000 ಸರಣಿಯಿಂದ ಈಚಿನದನ್ನು ಕೇಳುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಓದುವ ಹುಡುಗನಿಗೆ ಮೂರು ವರ್ಷ ಬಾಳಬೇಕಾದ ಯಂತ್ರ, ತರುವ ದಿನವೇ ಮುದುಕನಾಗಿರಬಾರದು.

ಇನ್ನು ಅಂಕಿಯ ಕೊನೆಯ ಅಕ್ಷರ. ಇದನ್ನು ಮರೆತು ಎಷ್ಟೋ ಜನ ಪೇಚಿಗೆ ಸಿಕ್ಕಿದ್ದಾರೆ. ಇಂಟೆಲ್‌ನಲ್ಲಿ ಕೊನೆಗೆ "ಎಫ್" ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕದೆ ಮಾನಿಟರ್‌ನಲ್ಲಿ ಏನೂ ಕಾಣದು. ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿ (ಸಾಕೆಟ್ ಅಂದರೆ ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ) ಲೆಕ್ಕ ತಿರುಗುಮುರುಗು: ಕೊನೆಗೆ "ಜಿ" ಇದ್ದರೆ ಮಾತ್ರ ಗ್ರಾಫಿಕ್ಸ್ ಇದೆ. ರೈಜೆನ್ 5 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ. ಅಂಗಡಿಯವರು 5600 ಅಗ್ಗ ಅಂತ ಕೊಟ್ಟು ಕಳಿಸಿದರೆ, ಮನೆಗೆ ಬಂದು ಎಲ್ಲ ಜೋಡಿಸಿ ಕಪ್ಪು ಪರದೆ ನೋಡುತ್ತಾ ಕೂರಬೇಕು.

ಕಾರ್ಡ್ ಇಲ್ಲದೆ ಶುರು ಮಾಡುವವರಿಗೆ ನಾನು ಹೇಳುವುದು ಎರಡು ದಾರಿ. ಒಂದು, ರೈಜೆನ್ 5 5600ಜಿ. 2021ರದ್ದು. 6 ಕೋರ್ (ಒಳಗೆ ಬೇರೆಬೇರೆಯಾಗಿ ದುಡಿಯುವ ಭಾಗಗಳು), 12 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸಗಳು), 65 ವ್ಯಾಟ್. ಒಳಗಿನ ಗ್ರಾಫಿಕ್ಸ್ ಈ ದರ್ಜೆಯಲ್ಲಿ ಗಟ್ಟಿ. ಇನ್ನೊಂದು, ಇಂಟೆಲ್ ಐ3-12100. 4 ಕೋರ್, 8 ಥ್ರೆಡ್. ಆಫೀಸು ಕೆಲಸ, ಟ್ಯಾಲಿ, ಕಲಿಕೆ, ಬ್ರೌಸಿಂಗ್ ಇಷ್ಟಕ್ಕೆ ಅದು ಧಾರಾಳ. ಆದರೆ ಆಟದ ಆಸೆ ಇದ್ದರೆ ಅದರ ಗ್ರಾಫಿಕ್ಸ್ ಬೇಗ ಸುಸ್ತಾಗುತ್ತದೆ. ದುಡ್ಡು ಸ್ವಲ್ಪ ಸಡಿಲವಿದ್ದವರು ಎಎಂ5 ಸಾಕೆಟ್ಟಿನ ರೈಜೆನ್ 5 8600ಜಿ ನೋಡಬಹುದು. ಮುಂದೆ ಹೊಸ ಪ್ರೊಸೆಸರ್ ಹಾಕುವ ದಾರಿ ತೆರೆದಿರುತ್ತದೆ. ಆದರೆ ಅದಕ್ಕೆ ಡಿಡಿಆರ್5 ಎಂಬ ಹೊಸ ಬಗೆಯ ರ‍್ಯಾಮೇ ಬೇಕು, ಬೋರ್ಡಿನ ಬೆಲೆಯೂ ಜಾಸ್ತಿ. ಐವತ್ತು ಸಾವಿರದ ಚೌಕಟ್ಟಿನಲ್ಲಿ ನಾವು 5600ಜಿಗೇ ನಿಂತೆವು.

ಒಂದು ಮಾತು: "ಟ್ರೇ" ಪ್ರೊಸೆಸರ್ ಅಂತ ಕೊಡುತ್ತಾರೆ, ಡಬ್ಬಿ ಇಲ್ಲದ್ದು. ಬೆಲೆ ಕಡಿಮೆ. ಜೊತೆಗೆ ಕೂಲರ್ ಇರುವುದಿಲ್ಲ, ಗ್ಯಾರಂಟಿ ಅಂಗಡಿಯವರ ಬಾಯಿಮಾತು. ಸೀಲ್ ಇರುವ ಡಬ್ಬಿಗೆ ಕಂಪನಿಯ 3 ವರ್ಷದ ವಾರಂಟಿ ಇದೆ, 5600ಜಿಗೂ 12100ಕ್ಕೂ ಫ್ಯಾನ್ ಒಳಗೇ ಬರುತ್ತದೆ. ಬೇರೆ ಕೂಲರ್ ಕೊಳ್ಳುವ ಅಗತ್ಯ ಇಲ್ಲ.

ಮದರ್‌ಬೋರ್ಡ್

5600ಜಿಗೆ ಬಿ550 ಚಿಪ್‌ಸೆಟ್ಟಿನ (ಬೋರ್ಡಿನ ಮೇಲಿನ ನಿಯಂತ್ರಕ ಚಿಪ್) ಬೋರ್ಡ್ ನನ್ನ ಆಯ್ಕೆ. ಎ520 ಅಗ್ಗ, ನಡೆಯುತ್ತದೆ, ಆದರೆ ಹೆಚ್ಚಿನವುಗಳಲ್ಲಿ ಬೆಳೆಯಲು ಜಾಗ ಕಡಿಮೆ. ಹಳೆಯ ಬಿ450 ಬೋರ್ಡ್ ಸಿಕ್ಕರೆ "5000 ಸರಣಿಗೆ ಬಯೋಸ್ ಅಪ್‌ಡೇಟ್ ಆಗಿದೆಯಾ" ಅಂತ ಕೇಳಿ, ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ಬಯೋಸ್ ಅಂದರೆ ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ. ಮನೆಯಲ್ಲಿ ಮಾಡಲು ಹಳೆಯ ಪ್ರೊಸೆಸರೇ ಬೇಕಾಗಬಹುದು. 12100 ತೆಗೆದುಕೊಳ್ಳುವವರು ಎಚ್610 ಬೋರ್ಡಿನಲ್ಲೇ ಡಿಡಿಆರ್4 ಬೇರೆ, ಡಿಡಿಆರ್5 ಬೇರೆ ಮಾಡೆಲ್ ಇರುವುದನ್ನು ಗಮನಿಸಿ. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದಿಲ್ಲ.

ಬೋರ್ಡಿನ ಡಬ್ಬಿಯ ಹಿಂಬದಿ ಓದಿ. ರ‍್ಯಾಮ್ ಸ್ಲಾಟ್ ನಾಲ್ಕು ಇದ್ದರೆ ಒಳ್ಳೆಯದು. ಎಂ.2 ಜಾಗ (ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಸ್ಲಾಟ್) ಎರಡಿದ್ದರೆ ಇನ್ನೂ ಒಳ್ಳೆಯದು. ಹಿಂದೆ ಎಚ್‌ಡಿಎಂಐ ಪೋರ್ಟ್ ಇರಲೇಬೇಕು, ಕಾರ್ಡ್ ಇಲ್ಲದವರಿಗೆ ಚಿತ್ರ ಬರುವ ದಾರಿ ಅದೇ. ವೈಫೈ ಇರುವ ಬೋರ್ಡಿಗೆ ಹೆಚ್ಚು ದುಡ್ಡು ಕೊಡುವ ಬದಲು ಲ್ಯಾನ್ ವೈರ್ ಎಳೆಯಿರಿ. ವೈರ್ ಎಳೆಯಲು ಆಗದಿದ್ದರೆ ಚಿಕ್ಕ ಯುಎಸ್‌ಬಿ ವೈಫೈ ಸಾಕು.

ರ‍್ಯಾಮ್ ಮತ್ತು ಎಸ್‌ಎಸ್‌ಡಿ

16 ಜಿಬಿ ಬೇಕೇ ಬೇಕು. ಆಂಡ್ರಾಯ್ಡ್ ಸ್ಟುಡಿಯೋ ಒಂದು, ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದರೆ 8 ಜಿಬಿ ಏದುಸಿರು ಬಿಡುತ್ತದೆ. ಆದರೆ 16ರ ಒಂದು ಪಟ್ಟಿ ಬೇಡ, 8ರ ಎರಡು ಪಟ್ಟಿ ತೆಗೆದುಕೊಳ್ಳಿ. ಎರಡು ಪಟ್ಟಿ ಇದ್ದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಓದುತ್ತದೆ. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ಈ ರ‍್ಯಾಮಿನಿಂದಲೇ ಎರವಲು ಪಡೆಯುತ್ತದೆ. ಹಾಗಾಗಿ ಒಂದೇ ಪಟ್ಟಿ ಹಾಕಿದರೆ ಆಟದ ವೇಗ ಎದ್ದು ಕಾಣುವಷ್ಟು ಬೀಳುತ್ತದೆ. ಡಿಡಿಆರ್4ರಲ್ಲಿ 3200 ವೇಗದ್ದು ಸಾಕು. ನಾಲ್ಕು ಸ್ಲಾಟಿನ ಬೋರ್ಡಾದರೆ ಪ್ರೊಸೆಸರ್‌ನಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಬೋರ್ಡಿನ ಪುಸ್ತಕದಲ್ಲಿ ಚಿತ್ರ ಇರುತ್ತದೆ.

ಮೆಮೊರಿ ತಯಾರಕರು ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿದ್ದರಿಂದ ನಮ್ಮಂಥವರ ರ‍್ಯಾಮ್ ದುಬಾರಿಯಾಗಿದೆ. ಮೊದಲಾದರೆ ನೂರರಲ್ಲಿ ಎಂಟು ರೂಪಾಯಿ ರ‍್ಯಾಮಿಗೆ ಇಟ್ಟರೆ ಮುಗಿಯುತ್ತಿತ್ತು, ಈಗ ಅದರ ಎರಡರಷ್ಟಕ್ಕೂ ಹೆಚ್ಚು ಕೇಳಬಹುದು. ಹಳೆಯ ರ‍್ಯಾಮ್ ಕೊಳ್ಳಲು ನಾನು ಹೆದರುವುದಿಲ್ಲ. ಅದರಲ್ಲಿ ಸವೆಯುವ ಭಾಗ ಇಲ್ಲ. ಒಳ್ಳೆ ಕಂಪನಿಯದ್ದಾಗಿರಲಿ, ಎರಡೂ ಒಂದೇ ಮಾಡೆಲ್ ಆಗಿರಲಿ, ಮನೆಗೆ ತಂದ ರಾತ್ರಿಯೇ ಪೆನ್‌ಡ್ರೈವಿನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ತಪ್ಪು ಕಂಡರೂ ಮಾರನೆಯ ದಿನ ವಾಪಸು.

ಎಸ್‌ಎಸ್‌ಡಿ ಮಾತ್ರ ಹಳೆಯದು ಬೇಡ, ಅದು ಬರೆದಷ್ಟೂ ಸವೆಯುತ್ತದೆ. 500 ಜಿಬಿಯ ಎನ್‌ವಿಎಂಇ (ವೇಗದ ಬಗೆಯ ಎಸ್‌ಎಸ್‌ಡಿ) ಒಂದು ತೆಗೆದುಕೊಳ್ಳಿ. ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಮೂರನೇ ಪೀಳಿಗೆಯ ಒಳ್ಳೆಯ ಎನ್‌ವಿಎಂಇ 3500ರವರೆಗೂ ಹೋಗುತ್ತದೆ. ಅದಕ್ಕಿಂತ ಮೇಲಿನ ವೇಗಕ್ಕೆ ಈ ಬಜೆಟ್ಟಿನಲ್ಲಿ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಎಂ.2 ಆಕಾರದಲ್ಲಿರುವುದೆಲ್ಲ ಎನ್‌ವಿಎಂಇ ಅಲ್ಲ, ಅದೇ ಆಕಾರದಲ್ಲಿ ಸಾಟಾ ಕೂಡ ಬರುತ್ತದೆ. ಡಬ್ಬಿಯ ಮೇಲೆ ಎನ್‌ವಿಎಂಇ ಎಂಬ ಪದ ಕಣ್ಣಾರೆ ನೋಡಿ.

ಎಸ್‌ಎಂಪಿಎಸ್: ಇಲ್ಲಿ ಮಾತ್ರ ಜಿಪುಣತನ ಬೇಡ

ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಯಾಕೆಂದರೆ ನಾನು ಇಲ್ಲಿ ಪೆಟ್ಟು ತಿಂದವನು. ನನ್ನ ಮೊದಲ ಕಂಪ್ಯೂಟರ್‌ನಲ್ಲಿ ಕ್ಯಾಬಿನೆಟ್ ಜೊತೆ ಬಿಟ್ಟಿ ಬಂದ ಎಸ್‌ಎಂಪಿಎಸ್ ಇತ್ತು. ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. ಜುಲೈ ತಿಂಗಳ ಒಂದು ಮಳೆಯ ಸಂಜೆ ಕರೆಂಟು ಹೋಗಿ ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಮೂರನೇ ಸಲ ಒಂದು "ಟಪ್" ಸದ್ದು, ಆಮೇಲೆ ಸುಟ್ಟ ವಾಸನೆ. ಎಸ್‌ಎಂಪಿಎಸ್ ತಾನೊಂದೇ ಸಾಯಲಿಲ್ಲ. ಬೋರ್ಡೂ ಹೋಯಿತು, ಹಾರ್ಡ್‌ಡಿಸ್ಕೂ ಹೋಯಿತು. ಡಿಸ್ಕಿನಲ್ಲಿ ಕುಂದಾಪುರದ ಮನೆಯ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದೆ. ಅಜ್ಜಿ ಒಲೆ ಮುಂದೆ ಕೂತ ಒಂದು ಫೋಟೋ ಇತ್ತು, ಅದರ ಮೂಲಪ್ರತಿಯನ್ನು ಆಗಲೇ ಗೆದ್ದಲು ತಿಂದಿತ್ತು. ಬಿಟ್ಟಿ ಬಂದದ್ದರ ಬೆಲೆ ನನಗೆ ಗೊತ್ತಾದದ್ದು ಹಾಗೆ.

ಮುಂದಿನ ಸಲ ಅಂಗಡಿಗೆ ಹೋದಾಗ ಎಸ್‌ಎಂಪಿಎಸ್‌ನ ಪಕ್ಕದಲ್ಲಿ ಅಂಟಿಸಿದ ಪಟ್ಟಿಯನ್ನು ಓದಿ. ಅಲ್ಲಿ +3.3V, +5V, +12V ಎಂಬ ಕಾಲಮ್‌ಗಳು ಇರುತ್ತವೆ, ಕೆಳಗೆ ಆಂಪಿಯರ್ ಅಂಕಿ. ಇವತ್ತಿನ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಬಹುಪಾಲು ವಿದ್ಯುತ್ತನ್ನು 12 ವೋಲ್ಟಿನಿಂದಲೇ ಎಳೆಯುತ್ತವೆ. ಆದ್ದರಿಂದ ಆ ಕಾಲಮಿನ ಆಂಪಿಯರನ್ನು 12ರಿಂದ ಗುಣಿಸಿ. 37 ಆಂಪಿಯರ್ ಇದ್ದರೆ 444 ವ್ಯಾಟ್, ಅದು ನಿಜವಾದ 450. 16 ಆಂಪಿಯರ್ ಇದ್ದರೆ 192 ವ್ಯಾಟ್ ಮಾತ್ರ, ಮೇಲೆ 450 ಅಂತ ಎಷ್ಟು ದೊಡ್ಡದಾಗಿ ಬರೆದಿದ್ದರೂ. ನನ್ನ ಸುಟ್ಟುಹೋದ ಡಬ್ಬಿಯನ್ನು ಆಮೇಲೆ ನೋಡಿದಾಗ ಅಲ್ಲಿ 16 ಅಂತಲೇ ಇತ್ತು. ಮೊದಲೇ ಓದಬಹುದಿತ್ತು, ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೆಯದು, 80 ಪ್ಲಸ್ ಗುರುತು, ವಿದ್ಯುತ್ತನ್ನು ಎಷ್ಟು ಕಡಿಮೆ ಪೋಲು ಮಾಡುತ್ತದೆ ಎಂಬುದರ ದರ್ಜೆ. ಬ್ರಾಂಜ್ ದರ್ಜೆ ಸಾಕು. ಗೋಲ್ಡ್ ಬೇಕಿಲ್ಲ. ಮೂರನೆಯದು, ಕೈಯಲ್ಲಿ ಎತ್ತಿ ನೋಡಿ. ಇದು ಪರೀಕ್ಷೆ ಅಲ್ಲ, ಬರೀ ಸುಳಿವು. ಆದರೂ ಒಳಗೆ ತಾಮ್ರ, ಹೀಟ್‌ಸಿಂಕ್ ಇರುವ ಡಬ್ಬಿಗೂ ತಗಡಿನ ಡಬ್ಬಿಗೂ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ. ನಾಲ್ಕನೆಯದು ವಾರಂಟಿ: ತನ್ನ ಮಾಲಿನ ಮೇಲೆ ನಂಬಿಕೆ ಇರುವ ಕಂಪನಿ 3 ರಿಂದ 5 ವರ್ಷ ಕೊಡುತ್ತದೆ.

ನಮ್ಮ ಯಂತ್ರಕ್ಕೆ ನಿಜವಾಗಿ ಬೇಕಾದದ್ದು ಕಡಿಮೆ. 65 ವ್ಯಾಟಿನ ಪ್ರೊಸೆಸರ್, ಬೋರ್ಡು, ಎಸ್‌ಎಸ್‌ಡಿ, ಫ್ಯಾನು ಎಲ್ಲ ಸೇರಿ ತುಂಬ ದುಡಿಯುವಾಗಲೂ ನೂರೈವತ್ತು ವ್ಯಾಟಿನ ಒಳಗೆ. ನಾಳೆ ರೇಡಿಯಾನ್ ಆರ್‌ಎಕ್ಸ್ 6600 ಕಾರ್ಡ್ ಹಾಕಿದರೆ ಅದರದ್ದು 132 ವ್ಯಾಟ್. ಆದ್ದರಿಂದ ಪ್ರಾಮಾಣಿಕ 550 ವ್ಯಾಟಿನ ಒಂದು ಎಸ್‌ಎಂಪಿಎಸ್ ಕೊಂಡರೆ ಮುಂದಿನ ಕಾರ್ಡಿಗೂ ಸಾಕಾಗಿ ಉಳಿಯುತ್ತದೆ. ಒಟ್ಟು ದುಡ್ಡಿನ ಹತ್ತನೇ ಒಂದು ಭಾಗ ಇದಕ್ಕೆ ಇಡಿ, ಮನಸ್ಸಿಗೆ ನೋವಾದರೂ ಇಡಿ.

ಇದರ ಜೊತೆಗೇ ಹೇಳಬೇಕಾದದ್ದು ಅರ್ಥಿಂಗ್. ಹಳೆಯ ಚಾಳುಗಳಲ್ಲಿ, ಹಳೆಯ ಸೊಸೈಟಿಗಳಲ್ಲಿ ಪ್ಲಗ್ಗಿನ ಮೂರನೇ ತೂತು ಬರೀ ತೂತು, ಹಿಂದೆ ವೈರೇ ಇರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಮ್ ಅಂದರೆ ಅದೇ ಕಾರಣ. ಎಲೆಕ್ಟ್ರಿಷಿಯನ್ ಕರೆದು ಅದೊಂದನ್ನು ಸರಿಮಾಡಿಸಿ. ಕರೆಂಟು ಹೋಗಿ ಬರುವ ಕಡೆ, ನಮ್ಮ ಕಲ್ಯಾಣ, ಡೊಂಬಿವಲಿಯಂಥ ಕಡೆ, ಒಂದು ಯುಪಿಎಸ್ ಇರಲಿ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ, ಕಾರ್ಡ್ ಇಲ್ಲದ ಯಂತ್ರಕ್ಕೂ ಮಾನಿಟರಿಗೂ ಸಾಕು. ಅದು ಸಿನಿಮಾ ಮುಗಿಸಲು ಅಲ್ಲ, ಕೆಲಸ ಸೇವ್ ಮಾಡಿ ಸರಿಯಾಗಿ ಆಫ್ ಮಾಡಲು.

ಕ್ಯಾಬಿನೆಟ್, ಗ್ರಾಫಿಕ್ಸ್ ಕಾರ್ಡ್, ಮಾನಿಟರ್

ಕ್ಯಾಬಿನೆಟ್ಟಿನ ಮುಂಭಾಗ ಗಾಜಾಗಿರಬಾರದು, ಜಾಲರಿಯಾಗಿರಬೇಕು. ಬಣ್ಣದ ದೀಪಕ್ಕೆ ದುಡ್ಡು ಬೇಡ. ಮುಂದೊಂದು ಹಿಂದೊಂದು ಫ್ಯಾನ್, ತೆಗೆದು ತೊಳೆಯಬಹುದಾದ ಧೂಳಿನ ಜಾಲರಿ, ಇಷ್ಟು ನೋಡಿ. ಮುಂಬಯಿಯ ಧೂಳು, ಸಮುದ್ರದ ಗಾಳಿ ಎರಡೂ ಸೇರಿ ಎರಡು ಮಳೆಗಾಲದಲ್ಲಿ ಅಗ್ಗದ ತಗಡಿನ ಅಂಚಿಗೆ ತುಕ್ಕು ಹಿಡಿಸುತ್ತವೆ. ಎಸ್‌ಎಂಪಿಎಸ್ ಸಮೇತ ಬರುವ ಕ್ಯಾಬಿನೆಟ್ ಕೊಳ್ಳಲೇಬೇಡಿ.

ಚೀಟಿಯಲ್ಲಿದ್ದ "4 ಜಿಬಿ ಗ್ರಾಫಿಕ್ಸ್ ಕಾರ್ಡ್" ಏನು ಅಂತ ಕೇಳಿಸಿದಾಗ ಜಿಟಿ 730 ಅಂದರು. ಅದು 2014ರ ಕಾರ್ಡ್. ಅದರ ಮೇಲೆ 4 ಜಿಬಿ ಅಂತ ಬರೆದಿದ್ದರೂ 5600ಜಿಯ ಒಳಗಿನ ಗ್ರಾಫಿಕ್ಸ್ ಅದಕ್ಕಿಂತ ಚುರುಕು. ಜಿಬಿ ನೋಡಿ ಕಾರ್ಡ್ ಕೊಳ್ಳುವುದು ಪಾತ್ರೆಯ ಗಾತ್ರ ನೋಡಿ ಅಡುಗೆಯ ರುಚಿ ಹೇಳಿದಂತೆ. ಹಳೆಯ ಕಾರ್ಡ್ ಕೊಳ್ಳುವವರು ಒಂದು ಸಂಗತಿ ನೆನಪಿಡಿ: 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ಕ್ರಿಪ್ಟೋ ಹಣ ಗ್ರಾಫಿಕ್ಸ್ ಕಾರ್ಡ್ ಬೇಡದ ಪದ್ಧತಿಗೆ ಬದಲಾದ ಮೇಲೆ ಮೈನಿಂಗಿಗೆ (ಆ ಹಣ ಗಳಿಸುವ ಲೆಕ್ಕಕ್ಕೆ) ಹಗಲೂ ರಾತ್ರಿ ದುಡಿದ ಕಾರ್ಡ್‌ಗಳು ರಾಶಿಯಾಗಿ ಮಾರುಕಟ್ಟೆಗೆ ಬಂದವು. ಮಾರುವವರ ಎದುರಿಗೇ ಅರ್ಧ ಗಂಟೆ ಆಟ ಓಡಿಸಿ, ಫ್ಯಾನಿನ ಸದ್ದು ಕೇಳಿ, ಬಿಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಮಾನಿಟರ್ 22 ಇಂಚಿನಿಂದ 24 ಇಂಚಿನ ಐಪಿಎಸ್ (ಬಣ್ಣ ಚೆನ್ನಾಗಿ ಕಾಣುವ ಬಗೆಯ ಪರದೆ), 1080ಪಿ (ಫುಲ್ ಎಚ್‌ಡಿ). ಇದರಲ್ಲಿ ಹೆಚ್ಚು ಹೇಳುವುದಿಲ್ಲ. ಮನೆಯಲ್ಲಿ ಎಚ್‌ಡಿಎಂಐ ಇರುವ ಟಿವಿ ಇದ್ದರೆ ಎರಡು ತಿಂಗಳು ಅದರಲ್ಲೇ ಕಳೆದು, ಆ ದುಡ್ಡನ್ನು ಬೋರ್ಡಿಗೆ ಹಾಕಿ ಎಂಬುದಷ್ಟೇ ನನ್ನ ಸಲಹೆ.

ಮಾರುಕಟ್ಟೆಗೆ ಹೋಗುವ ದಿನ

ಮುಂಬಯಿಯಲ್ಲಿ ಇದಕ್ಕೆ ಜಾಗ ಲ್ಯಾಮಿಂಗ್ಟನ್ ರೋಡ್. ರಸ್ತೆಯ ಬೋರ್ಡಿನಲ್ಲಿ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಅಂತ ಇರುತ್ತದೆ, ಬಾಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯವರು ದಾದರಿನಲ್ಲಿ ಇಳಿದು ಪಶ್ಚಿಮ ರೈಲ್ವೆಗೆ ಬದಲಿಸಿ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿಯಿರಿ, ಪೂರ್ವದ ಕಡೆಗೆ ಹೊರಬನ್ನಿ. ಅಲ್ಲಿಂದ ನಡೆದೇ ಹೋಗಬಹುದು. ಪುಣೆಯವರಿಗೆ ಬುಧವಾರ ಪೇಠೆಯ ತಪ್ಕೀರ್ ಗಲ್ಲಿ ಇದೆ. ಭಾನುವಾರ ಲ್ಯಾಮಿಂಗ್ಟನ್ ರೋಡಿನ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಆ ದಿನ ಹೋಗಬೇಡಿ. ಹನ್ನೊಂದೂವರೆಯ ಹೊತ್ತಿಗೆ ತಲುಪಿದರೆ, ಸಂಜೆಯ ಕಲ್ಯಾಣ ಲೋಕಲ್ಲಿನ ನೂಕುನುಗ್ಗಲು ಶುರುವಾಗುವ ಮೊದಲು ಕ್ಯಾಬಿನೆಟ್ ಹೊತ್ತು ಹಿಂದಿರುಗಬಹುದು. ಮಳೆಗಾಲದಲ್ಲಿ ಎರಡು ದೊಡ್ಡ ಪ್ಲಾಸ್ಟಿಕ್ ಚೀಲ, ಸ್ವಲ್ಪ ಹಗ್ಗ ಜೊತೆಗಿರಲಿ.

ಮೊದಲ ಅಂಗಡಿಯಲ್ಲಿ ಏನೂ ಕೊಳ್ಳಬೇಡಿ. ಮಾಡೆಲ್ ನಂಬರ್ ಸಹಿತ ಬರೆದ ನಿಮ್ಮ ಪಟ್ಟಿ ಕೊಟ್ಟು, ಒಂದೊಂದರ ಎದುರಿಗೆ ಬೆಲೆ ಬರೆಸಿಕೊಳ್ಳಿ. ಒಟ್ಟು ಮೊತ್ತ ಮಾತ್ರ ಹೇಳುವವರಿಂದ ದೂರ ಇರಿ. ಹೀಗೆ ಮೂರು ಅಂಗಡಿ. ನಾವು ಮೂರು ಕೊಟೇಶನ್ ಹಿಡಿದು ಹತ್ತಿರದ ಒಂದು ಉಡುಪಿ ಹೋಟೆಲಿಗೆ ಹೋಗಿ ಕಾಫಿ ಕುಡಿಯುತ್ತಾ, ಫೋನಿನಲ್ಲಿ ಆನ್‌ಲೈನ್ ಬೆಲೆಯನ್ನೂ ಪಕ್ಕದಲ್ಲಿಟ್ಟು ಹೋಲಿಸಿದೆವು. ಪ್ರೊಸೆಸರ್ ಒಂದು ಕಡೆ ಅಗ್ಗ, ರ‍್ಯಾಮ್ ಇನ್ನೊಂದು ಕಡೆ. ಆದರೂ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರನ್ನು ಒಂದೇ ಅಂಗಡಿಯಿಂದ ಕೊಂಡೆವು. ಯಂತ್ರ ಶುರುವಾಗದಿದ್ದರೆ "ತಪ್ಪು ಅವರದ್ದು" ಎಂಬ ಮಾತಿಗೆ ಅವಕಾಶ ಇರಬಾರದು.

"ಬಿಲ್ ಬೇಡ ಅಂದರೆ ಕಡಿಮೆಗೆ ಕೊಡ್ತೇನೆ" ಎಂಬ ಮಾತು ಬಂದೇ ಬರುತ್ತದೆ. ಜಿಎಸ್‌ಟಿ ಶೇಕಡ 18 ಉಳಿಯುತ್ತದಲ್ಲ ಅಂತ ಆಸೆಯೂ ಆಗುತ್ತದೆ. ಒಪ್ಪಬೇಡಿ. ವಾರಂಟಿಗೆ ಸರ್ವಿಸ್ ಸೆಂಟರಿನಲ್ಲಿ ಮೊದಲು ಕೇಳುವುದೇ ಬಿಲ್. ಪಕ್ಕಾ ಬಿಲ್ಲಿನಲ್ಲಿ ಪ್ರತಿಯೊಂದರ ಸೀರಿಯಲ್ ನಂಬರ್ ಬರೆಸಿ, ಡಬ್ಬಿಯ ಮೇಲಿನದಕ್ಕೆ ತಾಳೆ ನೋಡಿ. ಬೋರ್ಡಿನ ಡಬ್ಬಿ ಅಲ್ಲೇ ಬಿಚ್ಚಿಸಿ. ಇಂಟೆಲ್ ಬೋರ್ಡಾದರೆ ಸಾಕೆಟ್ಟಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಸೂಜಿಯಂಥ ಪಿನ್‌ಗಳ ಸಾಲು ನೇರವಾಗಿದೆಯೇ ನೋಡಿ. ಎಎಂ4ನಲ್ಲಿ ಪಿನ್ ಇರುವುದು ಪ್ರೊಸೆಸರ್‌ನ ಅಡಿಯಲ್ಲಿ. ಒಂದು ಬಾಗಿದ್ದರೂ ಆಮೇಲೆ ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ.

ಮನೆಯಲ್ಲಿ ಜೋಡಿಸುವಾಗ

ಜೋಡಿಸುವ ಕ್ರಮಕ್ಕೆ ಬೋರ್ಡಿನ ಪುಸ್ತಕವೇ ಗುರು. ನಾನು ಎರಡು ಕಡೆ ಮಾತ್ರ ನಿಲ್ಲುತ್ತೇನೆ. ಪ್ರೊಸೆಸರ್‌ನ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ಚಿಕ್ಕ ತ್ರಿಕೋನ ಇರುತ್ತದೆ, ಸಾಕೆಟ್ಟಿನ ಒಂದು ಮೂಲೆಯಲ್ಲೂ ಇರುತ್ತದೆ. ಎರಡನ್ನೂ ಒಂದೇ ಮೂಲೆಗೆ ತಂದು, ಸನ್ನೆಗೋಲು ಎತ್ತಿ, ಪ್ರೊಸೆಸರನ್ನು ಹಾಗೇ ಇಡಿ. ಒತ್ತಬೇಡಿ. ಸರಿಯಾಗಿದ್ದರೆ ತನ್ನ ಭಾರಕ್ಕೇ ಕೂರುತ್ತದೆ. ಕೂರದಿದ್ದರೆ ಎತ್ತಿ ಮತ್ತೆ ನೋಡಿ.

ರ‍್ಯಾಮ್ ಇದಕ್ಕೆ ಉಲ್ಟಾ, ಅದನ್ನು ಧೈರ್ಯವಾಗಿ ಒತ್ತಬೇಕು. ಅಳಿಯ ಹೆದರಿ ಮೆಲ್ಲಗೆ ಇಟ್ಟಿದ್ದ. ಎಲ್ಲ ಜೋಡಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಕಪ್ಪು. ಅವನ ಮುಖ ಬಾಡಿಹೋಯಿತು. ಪ್ಲಗ್ ತೆಗೆದು, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಕೈಯ ಸ್ಟಾಟಿಕ್ ಇಳಿಸಿಕೊಂಡು, ರ‍್ಯಾಮಿನ ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತಲು ಹೇಳಿದೆ. "ಕಟಕ್" ಎಂಬ ಸದ್ದು ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಮತ್ತೆ ಸ್ವಿಚ್ ಒತ್ತಿದ. ಬೋರ್ಡಿನ ಕಂಪನಿಯ ಚಿತ್ರ ಪರದೆಯ ಮೇಲೆ ಬಂತು.

ಮೊದಲ ಸಲ ಬಯೋಸ್‌ಗೆ ಹೋದಾಗ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಎಂಬ ಆಯ್ಕೆಯನ್ನು ಆನ್ ಮಾಡಿ. ಇಲ್ಲದಿದ್ದರೆ ಹೆಚ್ಚಿನ ರ‍್ಯಾಮ್‌ಗಳು ಕೊಂಡ ವೇಗಕ್ಕಿಂತ ಕೆಳಗೇ ಓಡುತ್ತಿರುತ್ತವೆ. ಆ ರಾತ್ರಿ ಮೆಮ್‌ಟೆಸ್ಟ್ ಓಡಿಸಿ ಮಲಗಿ. ವಿಂಡೋಸ್ ಕೊಳ್ಳಲು ದುಡ್ಡು ಉಳಿದಿಲ್ಲದಿದ್ದರೆ ಲಿನಕ್ಸ್ ಮಿಂಟ್ ಹಾಕಿ. ಕಾಲೇಜಿನ ಪ್ರೋಗ್ರಾಮಿಂಗ್ ಕೆಲಸಕ್ಕೆ ಅದು ಯಾವ ಕೊರತೆಯನ್ನೂ ಮಾಡುವುದಿಲ್ಲ, ಕನ್ನಡ ಕೀಲಿಮಣೆಯೂ ಅದರೊಳಗೇ ಇದೆ. ಹಳೆಯ ಫೋಟೋಗಳಿದ್ದರೆ ಬೇರೊಂದು ಹಾರ್ಡ್‌ಡಿಸ್ಕಿನಲ್ಲಿ ಒಂದು ಪ್ರತಿ ಇಟ್ಟ ಮೇಲೆಯೇ ಈ ಯಂತ್ರಕ್ಕೆ ಹಾಕಿ.

ಖಾಲಿ ಡಬ್ಬಿಗಳನ್ನು ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲೆ ಇಡಿ, ಬಿಲ್ಲಿನ ಫೋಟೋ ಫೋನಿನಲ್ಲಿರಲಿ, ಯಾಕೆಂದರೆ ಅದರ ಶಾಯಿ ಮುಂಬಯಿಯ ಸೆಕೆಗೆ ವರ್ಷದೊಳಗೆ ಮಾಸುತ್ತದೆ. ಅಳಿಯ ಇನ್ನೊಂದು ಕೆಲಸ ಮಾಡಿದ. ಪ್ರೊಸೆಸರ್‌ನಿಂದ ಹಿಡಿದು ಫ್ಯಾನಿನವರೆಗೆ ಎಲ್ಲದರ ಮಾಡೆಲ್ ನಂಬರ್, ಕೊಂಡ ತಾರೀಕು ಬರೆದ ಹೊಸ ಚೀಟಿಯನ್ನು ಕ್ಯಾಬಿನೆಟ್ಟಿನ ಪಕ್ಕದ ಬಾಗಿಲಿನ ಒಳಮೈಗೆ ಅಂಟಿಸಿದ. ಗ್ರಾಫಿಕ್ಸ್ ಕಾರ್ಡ್ ಎಂಬ ಸಾಲಿನ ಎದುರು ಖಾಲಿ ಬಿಟ್ಟಿದ್ದಾನೆ.